ಬಿಯರ್ 1.020ಕ್ಕೆ ಬಂದು ಕೂತಿದೆ, ಬಾಟಲಿಗೆ ತುಂಬಬಹುದಾ?

ಬಕೆಟ್ ಮುಚ್ಚಿ ಹದಿಮೂರು ದಿನ ಆಗಿದೆ. ಮುಚ್ಚಳದಲ್ಲಿ ಗ್ಯಾಸು ಹೊರಬಿಡುವ ಏರ್‌ಲಾಕ್ ಗುಳುಗುಳು ಅನ್ನುವುದು ನಿಂತು ನಾಲ್ಕು ದಿನ. ಮೇಲಿನ ನೊರೆಯೂ ಇಳಿದಿದೆ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಿಟ್ಟು ನೋಡಿದರೆ 1.020. ನಿನ್ನೆಯೂ 1.020, ಮೊನ್ನೆಯೂ ಅಷ್ಟೇ. ಬಾಟಲಿಗಳನ್ನು ತೊಳೆದು ಬೋರಲು ಹಾಕಿ ಆಗಿದೆ, ನಾಳೆ ಶನಿವಾರ, ಕೈ ತುರಿಸುತ್ತಿದೆ. ತುಂಬಿಬಿಡಲಾ?

ಬೇಡ. ಸ್ವಲ್ಪ ತಡೀರಿ. ಇದೇ 1.020 ನಂಬಿಕೊಂಡು ನಾನು ಒಮ್ಮೆ ನಲವತ್ತೆಂಟು ಬಾಟಲಿ ತುಂಬಿದ್ದೆ.

ನಾನಿರುವುದು ಅಮೆರಿಕದ ಆರೆಗನ್‌ನಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದಾಗಿ ಇಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳಬಹುದು. ದೊಡ್ಡವರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರಿದ್ದರೆ 200. ಮಾರುವ ಹಾಗಿಲ್ಲ. ಊರಲ್ಲಿ ಹಾಗಲ್ಲ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ 1965ರ ಅಬಕಾರಿ ಕಾಯ್ದೆ ಇದೆ, ಬೆಂಗಳೂರಿನ ಫ್ಲಾಟಲ್ಲಿ ಕೂತು ಓದುತ್ತಿರುವವರು ಸುಮ್ನೆ ಓದಿಕೊಳ್ಳಿ, ಅಷ್ಟೇ.

ಅದು ನನ್ನ ಮೂರನೇ ಬ್ಯಾಚ್. ನವೆಂಬರ್ ತಿಂಗಳು. ಬಕೆಟ್ ಗರಾಜಿನಲ್ಲಿತ್ತು. ಶುರುವಿನ ಗ್ರಾವಿಟಿ, ಅಂದರೆ ಹುದುಗುವ ಮೊದಲಿನ ಸಾಂದ್ರತೆ, 1.052, ಯೀಸ್ಟು ಸೇಫೇಲ್ ಎಸ್-04. ಎರಡು ವಾರ ಆಯ್ತು, ಗುಳ್ಳೆ ನಿಂತಿತು, 1.020 ಅಲುಗಾಡಲಿಲ್ಲ, ತುಂಬಿದೆ. ಆಗ ಅಮ್ಮ ಊರಿನಿಂದ ಬಂದಿದ್ದರು. ಬಾಟಲಿಗಳಿಗೆ ಬೆಚ್ಚಗಿನ ಜಾಗ ಬೇಕು ಅಂತ ಅಮ್ಮ ಮಲಗುತ್ತಿದ್ದ ಕೋಣೆಯ ಬಟ್ಟೆ ಬೀರುವಿನ ಕೆಳಗೇ ಎರಡು ಪೆಟ್ಟಿಗೆ ತಳ್ಳಿದ್ದೆ. ಒಂಬತ್ತನೇ ರಾತ್ರಿ ಟಪ್ ಅಂತ ಒಂದು ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಬೆಳಿಗ್ಗೆ ನೋಡಿದರೆ ಆರು ಬಾಟಲಿ ಒಡೆದಿವೆ, ರಟ್ಟಿನ ಪೆಟ್ಟಿಗೆಗೆ ಗಾಜಿನ ಚೂರು ಮುಳ್ಳಿನ ಹಾಗೆ ಚುಚ್ಚಿಕೊಂಡಿವೆ, ಒಂದು ಚೂರು ಹಿಂದಿನ ಗೋಡೆಯೊಳಗೇ ಹೋಗಿ ನಿಂತಿದೆ, ಕೆಳಗೆ ಮಡಿಸಿಟ್ಟಿದ್ದ ಅಮ್ಮನ ಎರಡು ಸೀರೆ ಬಿಯರಿನಲ್ಲಿ ನೆಂದು ಘಮಘಮ ಅನ್ನುತ್ತಿವೆ. ಅಮ್ಮ ಬೈಯಲಿಲ್ಲ. ವಿಷಯ ಎಲ್ಲ ಕೇಳಿ, ‘ಉಬ್ಬುತ್ತಾ ಇರೋ ದೋಸೆ ಹಿಟ್ಟನ್ನ ಯಾರಾದ್ರೂ ಬಾಟ್ಲಿಗೆ ಹಾಕಿ ಬಿರಡೆ ಬಿಗೀತಾರೇನೋ?’ ಅಂದರು.

ತಪ್ಪು ಇದ್ದದ್ದು ಅಲ್ಲೇ. ಬಿಯರ್ ನಿಂತಿತ್ತು, ಮುಗಿದಿರಲಿಲ್ಲ. ಎರಡೂ ಹೈಡ್ರೋಮೀಟರಿನಲ್ಲಿ ಒಂದೇ ಥರ ಕಾಣುತ್ತವೆ.

ಏಳು ಪಾಯಿಂಟು ಅಂದರೆ ಎಷ್ಟು?

ಹೈಡ್ರೋಮೀಟರ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಊರಿನ ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಬಿಟ್ಟು ನೀರು ಬೆರೆಸಿದ್ದೀರಾ ಅಂತ ನೋಡುತ್ತಿದ್ದರಲ್ಲ, ಅದರ ತಮ್ಮ. ನೀರಿಗೆ 1.000. ಸಕ್ಕರೆ ಜಾಸ್ತಿ ಇದ್ದಷ್ಟೂ ಕಡ್ಡಿ ಮೇಲೆ ತೇಲುತ್ತದೆ, ಯೀಸ್ಟು ಸಕ್ಕರೆ ತಿಂದು ಆಲ್ಕೋಹಾಲ್ ಮಾಡಿದ ಹಾಗೆ ಮುಳುಗುತ್ತದೆ. 1.020 ಅಂದರೆ ಮಾತಿನಲ್ಲಿ ‘ಇಪ್ಪತ್ತು ಪಾಯಿಂಟು’.

ಎಸ್-04 ಸಾಮಾನ್ಯವಾಗಿ ಶುರುವಿನ ಪಾಯಿಂಟುಗಳಲ್ಲಿ ಮುಕ್ಕಾಲು ಪಾಲು ಇಳಿಸುತ್ತದೆ. 52ರಲ್ಲಿ ಮುಕ್ಕಾಲು ಹೋದರೆ ಉಳಿಯುವುದು 13. ಅಂದರೆ ನನ್ನ ಬಿಯರ್ 1.013ರ ಹತ್ತಿರ ಬಂದು ನಿಲ್ಲಬೇಕಿತ್ತು. 1.020ಕ್ಕೆ ಇಳಿದಿದ್ದದ್ದು 62% ಅಷ್ಟೇ. ಬಾಕಿ ಏಳು ಪಾಯಿಂಟು.

ಏಳು ತಾನೇ ಅನ್ನಬೇಡಿ. ಒಂದು ಪಾಯಿಂಟು ಬಾಟಲಿಯೊಳಗೆ ಇಳಿದರೆ ಸುಮಾರು ಅರ್ಧ ವಾಲ್ಯೂಮ್ ಗ್ಯಾಸು ಹುಟ್ಟುತ್ತದೆ. ವಾಲ್ಯೂಮ್ ಅಂದರೆ ಒಂದು ಲೀಟರ್ ಬಿಯರಿನಲ್ಲಿ ಎಷ್ಟು ಲೀಟರ್ ಗ್ಯಾಸು ಕರಗಿದೆ ಅನ್ನುವ ಲೆಕ್ಕ. ಸಾಧಾರಣ ಏಲ್ ಬಗೆಯ ಬಿಯರಿಗೆ 2.4 ಸಾಕು. ಅದಕ್ಕಾಗಿ ನಾವು 19 ಲೀಟರಿಗೆ 115 ಗ್ರಾಂ ಆಸುಪಾಸು ಮೆಕ್ಕೆಜೋಳದ ಸಕ್ಕರೆ ಹಾಕುತ್ತೇವೆ. ಆ ಇಡೀ ಸಕ್ಕರೆಯ ಲೆಕ್ಕವೇ ಮೂರು ಪಾಯಿಂಟಿನ ಒಳಗೆ! ಅದರ ಮೇಲೆ ಏಳು ಪಾಯಿಂಟು ಬಾಕಿ ಇಟ್ಟುಕೊಂಡು ತುಂಬಿದರೆ ಇನ್ನೂ 3.5 ವಾಲ್ಯೂಮ್, ಒಟ್ಟು ಆರರ ಹತ್ತಿರ. ಮಾಮೂಲಿ ಉದ್ದ ಕತ್ತಿನ 355 ಮಿಲಿ ಬಾಟಲಿಯನ್ನು ಮೂರು ದಾಟಿಸಬಾರದು. ಸರಿಯಾಗಿ ಆದ ಬಾಟಲಿಯಲ್ಲೇ ಕಾರಿನ ಟಯರಿಗೆ ಹತ್ತಿರದ ಒತ್ತಡ ಇರುತ್ತದೆ ಅಂದರೆ ಆರು ವಾಲ್ಯೂಮಿನ ಬಾಟಲಿ ಏನು ಅಂತ ನೀವೇ ಯೋಚಿಸಿ.

ಮೊದಲು ಕಡ್ಡಿಯ ಮೇಲೆ ಅನುಮಾನ ಪಡಿ

ಬಿಯರ್ ಕೆಟ್ಟಿದೆ, ಯೀಸ್ಟು ಸತ್ತಿದೆ ಅನ್ನುವ ಮೊದಲು ಅಳತೆ ಸರಿ ಇದೆಯಾ ನೋಡಿ. ಪೂರ್ತಿ ಮುಗಿದ ಬಿಯರನ್ನೇ ಎರಡು ವಾರ ಕಾಯಿಸಿದವರೂ ಇದ್ದಾರೆ.

ರಿಫ್ರ್ಯಾಕ್ಟೋಮೀಟರ್ ಬಳಸುವವರು ಮೊದಲು ಕೇಳಿ. ಎರಡು ಹನಿ ಹಾಕಿ ಬೆಳಕಿಗೆ ಹಿಡಿಯುವ ಆ ಕೊಳವೆ ಕುದಿಸುವ ದಿನ ಚಿನ್ನ, ಆಮೇಲೆ ಸುಳ್ಳುಬುರುಕ. ಆಲ್ಕೋಹಾಲ್ ಬಂದ ಮೇಲೆ ಬೆಳಕು ಬಾಗುವ ಲೆಕ್ಕವೇ ಬದಲಾಗುತ್ತದೆ. ಅದು ಸಕ್ಕರೆಯನ್ನು ಬ್ರಿಕ್ಸ್ ಅನ್ನುವ ಅಳತೆಯಲ್ಲಿ ತೋರಿಸುತ್ತದೆ. 12.4 ಬ್ರಿಕ್ಸ್‌ನಿಂದ, ಅಂದರೆ 1.050ಯಿಂದ, ಶುರುವಾದ ಬಿಯರ್ ಈಗ 6.5 ಬ್ರಿಕ್ಸ್ ತೋರಿಸಿದರೆ ಪಟ್ಟಿ ನೋಡಿ 1.025 ಅಂದುಕೊಂಡು ಗಾಬರಿ ಆಗುತ್ತೀರಿ. ತಿದ್ದುವ ಸೂತ್ರಕ್ಕೆ ಹಾಕಿದರೆ ಅದು 1.013ರ ಹತ್ತಿರ, ಮುಗಿದೇ ಹೋಗಿದೆ. ಇದಕ್ಕೆ ಕ್ಯಾಲ್ಕುಲೇಟರ್‌ಗಳು ಬೇಕಾದಷ್ಟಿವೆ. ಆದರೂ ಬಾಟಲಿಗೆ ತುಂಬುವ ತೀರ್ಮಾನಕ್ಕೆ ನಾನು ತೇಲುವ ಕಡ್ಡಿಯನ್ನೇ ನಂಬುವುದು.

ಇನ್ನು ಆ ಕಡ್ಡಿ. ಅದನ್ನು ಯಾವ ಉಷ್ಣಾಂಶಕ್ಕೆ ಮಾಡಿದ್ದೋ ಅಷ್ಟೇ ಉಷ್ಣಾಂಶದ ನೀರಿನಲ್ಲಿ ಬಿಟ್ಟು ನೋಡಿ, 1.000 ಬರಬೇಕು. ಗಾಜಿನ ಒಳಗಿರುವ ಅಂಕಿಯ ಕಾಗದ ಕೆಲವು ಸಲ ಜಾರಿರುತ್ತದೆ. ನನ್ನ ಹಳೇ ಕಡ್ಡಿ ನೀರಿಗೇ 1.002 ತೋರಿಸುತ್ತಿತ್ತು, ಪ್ರತಿ ಸಲ ಎರಡು ಕಳೆಯುತ್ತಿದ್ದೆ. ಆ ಉಷ್ಣಾಂಶ ಯಾವುದು ಅಂತಲೂ ಕಾಗದದ ಮೇಲೆ ಬರೆದಿರುತ್ತದೆ. ಅಮೆರಿಕದಲ್ಲಿ ಸಿಗುವವು ಹೆಚ್ಚಾಗಿ 60 ಫ್ಯಾರನ್‌ಹೀಟ್, ಅಂದರೆ 15.6 ಸೆಲ್ಸಿಯಸ್ಸಿಗೆ. ಅಂಥದ್ದನ್ನು 25 ಡಿಗ್ರಿ ಬಿಯರಿಗೆ ಬಿಟ್ಟರೆ ಬಂದ ಅಂಕಿಗೆ ಎರಡು ಪಾಯಿಂಟು ಸೇರಿಸಬೇಕು.

ಎಲ್ಲಕ್ಕಿಂತ ಜಾಸ್ತಿ ಜನ ಮಾಡುವ ತಪ್ಪು ಗುಳ್ಳೆ. ಆಗ ತಾನೇ ತೆಗೆದ ಸ್ಯಾಂಪಲ್ಲಿನಲ್ಲಿ ಕರಗಿದ ಗ್ಯಾಸು ಇರುತ್ತದೆ, ಅದು ಸಣ್ಣ ಸಣ್ಣ ಗುಳ್ಳೆಯಾಗಿ ಕಡ್ಡಿಗೆ ಅಂಟಿಕೊಂಡು ಅದನ್ನು ಮೇಲಕ್ಕೆ ಎತ್ತುತ್ತದೆ, ನೀವು ಎರಡು ಮೂರು ಪಾಯಿಂಟು ಜಾಸ್ತಿ ಓದುತ್ತೀರಿ. ಎರಡು ಲೋಟ ತಗೊಳ್ಳಿ, ಕಾಫಿ ಆರಿಸುವ ಹಾಗೆ ಎತ್ತಿ ಹತ್ತು ಸಲ ಹೊಯ್ಯಿರಿ. ನೊರೆ ಎಲ್ಲ ಹೋಗಲಿ. ಆಮೇಲೆ ಕೊಳವೆಗೆ ಸುರಿದು, ಕಡ್ಡಿಯನ್ನು ಬೆರಳಲ್ಲಿ ಒಮ್ಮೆ ಗಿರ್ರನೆ ತಿರುಗಿಸಿ ಬಿಡಿ, ನಿಂತ ಮೇಲೆ ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಿ. ಕಡ್ಡಿಗೆ ತಾಗಿ ಮೇಲೇರಿದ ಅಂಚನ್ನಲ್ಲ, ಸಮತಟ್ಟಾದ ಮಟ್ಟವನ್ನು. ಓದಿದ ಸ್ಯಾಂಪಲ್ಲನ್ನು ಬಕೆಟ್‌ಗೆ ವಾಪಸ್ ಹಾಕಬೇಡಿ. ಕುಡಿಯಿರಿ. ಅದರ ರುಚಿಯೂ ಪರೀಕ್ಷೆಯ ಭಾಗವೇ.

ಏರ್‌ಲಾಕ್ ಬಗ್ಗೆ ಒಂದೇ ಮಾತು. ಅದು ಮೀಟರ್ ಅಲ್ಲ. ಮುಚ್ಚಳ ಒಂದು ಕಡೆ ಸಡಿಲ ಇದ್ದರೆ ಬಿಯರ್ ಭರ್ಜರಿ ಹುದುಗುತ್ತಿದ್ದರೂ ಗುಳ್ಳೆ ಬರುವುದಿಲ್ಲ. ಮುಗಿದ ಬಿಯರಿದ್ದ ಕೋಣೆ ಬಿಸಿಲಿಗೆ ಬೆಚ್ಚಗಾದರೆ ಕರಗಿದ ಗ್ಯಾಸು ಹೊರಬಂದು ಗುಳುಗುಳು ಅನ್ನುತ್ತದೆ.

ನಿಂತಿದ್ದಾ, ಮುಗಿದದ್ದಾ?

ಅಳತೆ ಸರಿ ಇದೆ, 1.020 ನಿಜವಾದ 1.020ಯೇ ಅಂತ ಇಟ್ಟುಕೊಳ್ಳಿ. ಈಗ ನಿಮ್ಮ ರೆಸಿಪಿ ನೋಡಿ. ಕೆಲವು ಬಿಯರಿಗೆ 1.020 ನ್ಯಾಯವಾದ ಕೊನೆ. ಲ್ಯಾಕ್ಟೋಸ್ ಹಾಕಿದ ಮಿಲ್ಕ್ ಸ್ಟೌಟ್ ಆದರೆ ಚಿಂತೆ ಬೇಡ, ಬಿಯರ್ ಯೀಸ್ಟಿಗೆ ಹಾಲಿನ ಸಕ್ಕರೆ ತಿನ್ನಲು ಬರುವುದಿಲ್ಲ. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, 69-70 ಡಿಗ್ರಿ ನೀರಿನಲ್ಲಿ ನೆನೆಸಿದ್ದರೆ ಯೀಸ್ಟಿಗೆ ಬಗ್ಗದ ಡೆಕ್ಸ್ಟ್ರಿನ್ ಅನ್ನುವ ಸಕ್ಕರೆ ಸರಪಳಿ ಜಾಸ್ತಿ ಉಳಿದಿರುತ್ತದೆ. ಅದೇ 65 ಡಿಗ್ರಿ ಆಗಿದ್ದರೆ ಯಾವ ನೆಪವೂ ಇಲ್ಲ, ಇಳಿಯಲೇಬೇಕು. ಡಬ್ಬಿಯ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್‌ನಿಂದ ಮಾಡಿ, ಮೇಲೆ ಕ್ರಿಸ್ಟಲ್ ಮಾಲ್ಟನ್ನೂ ಧಾರಾಳವಾಗಿ ಹಾಕಿದವರಿಗೆ 1.018, 1.020 ಹೊಸದೇನಲ್ಲ. ವಿಂಡ್ಸರ್ ಥರದ ಯೀಸ್ಟುಗಳೂ ಬೇಗ ಕೈ ಚೆಲ್ಲುತ್ತವೆ, ಅವಕ್ಕೆ ಮಾಲ್ಟೋಟ್ರಯೋಸ್ ಅನ್ನುವ ಸಕ್ಕರೆ ಮುಟ್ಟಲು ಆಗುವುದಿಲ್ಲ.

ಆದರೆ ಇದೆಲ್ಲ ಊಹೆ. ಊಹೆ ಬೇಡ ಅನ್ನುವವರಿಗೆ ಒಂದು ಪರೀಕ್ಷೆ ಇದೆ, ನನ್ನ ಮಟ್ಟಿಗೆ ಈ ಬರಹದಲ್ಲಿ ಕೆಲಸಕ್ಕೆ ಬರುವುದು ಅದೊಂದೇ. ಬಕೆಟ್‌ನಿಂದ ಸುಮಾರು ಕಾಲು ಲೀಟರ್ ಬಿಯರ್ ತೆಗೆಯಿರಿ. ಸ್ವಚ್ಛವಾದ ಗಾಜಿನ ಜಾರಿಗೆ ಹಾಕಿ. ಅದೇ ಜಾತಿಯ ಹೊಸ ಯೀಸ್ಟು ಅರ್ಧ ಚಮಚ ಸೇರಿಸಿ, ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಿ, ಬೆಚ್ಚಗಿಡಿ. ಚಳಿ ದೇಶದಲ್ಲಿರುವ ಕನ್ನಡಿಗರಿಗೆ ಬೆಚ್ಚಗಿನ ಜಾಗ ಯಾವುದು ಅಂತ ಹೇಳಿಕೊಡಬೇಕಾ? ದೋಸೆ ಹಿಟ್ಟು ಇಡುವ ಜಾಗವೇ. ಅವನ್ ಆಫ್, ಒಳಗಿನ ಲೈಟ್ ಆನ್. (ಅವನ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ನಮ್ಮನೆಯಲ್ಲಿ ಒಮ್ಮೆ ಜಾರ್ ಒಳಗಿದ್ದಾಗಲೇ ಯಾರೋ ಪಿಜ್ಜಾಕ್ಕೆ ಅಂತ 220ಕ್ಕೆ ತಿರುಗಿಸಿದ್ದರು.) ದಿನಕ್ಕೆ ನಾಲ್ಕೈದು ಸಲ ಜಾರ್ ಅಲುಗಾಡಿಸಿ. ಮೂರನೇ ದಿನ ಗ್ಯಾಸು ಬಿಡಿಸಿ, ತಣ್ಣಗಾಗಿಸಿ, ಅಳೆಯಿರಿ.

ಜಾರೂ 1.020 ತೋರಿಸಿದರೆ ಬಿಯರ್ ಮುಗಿದಿದೆ, ಅದರ ಹಣೆಬರಹವೇ ಅಷ್ಟು. ಜಾರಿನಲ್ಲಿ 1.013 ಬಂದರೆ ಬಕೆಟ್ ನಿದ್ದೆ ಹೋಗಿದೆ. ಅದೇ ಜಾತಿಯ ಯೀಸ್ಟು ಅಂತ ಒತ್ತಿ ಹೇಳಿದ್ದು ಯಾಕೆಂದರೆ ವಿಂಡ್ಸರ್ ಬಿಯರಿಗೆ ಬೇರೆ ಯೀಸ್ಟು ಹಾಕಿ ಪರೀಕ್ಷೆ ಮಾಡಿದರೆ ವಿಂಡ್ಸರ್ ಬಿಟ್ಟ ಸಕ್ಕರೆಯನ್ನು ಅದು ತಿಂದು ನಿಮ್ಮ ದಾರಿ ತಪ್ಪಿಸುತ್ತದೆ.

ಮಲಗಿದ್ದನ್ನು ಎಬ್ಬಿಸುವುದು

ನನ್ನ ಬ್ಯಾಚಿನಲ್ಲಿ ಆಗಿದ್ದು ಚಳಿ. ಮೊದಲ ಮೂರು ದಿನ 18 ಡಿಗ್ರಿ ಇದ್ದ ಗರಾಜು ರಾತ್ರಿ 13ಕ್ಕೆ ಇಳಿಯುತ್ತಿತ್ತು. ಎಸ್-04 ಮೊದಲೇ ಬೇಗ ತಳ ಹಿಡಿಯುವ ಯೀಸ್ಟು. ತಣ್ಣಗಾದದ್ದೇ ತಡ, ಕೆಲಸ ಬಿಟ್ಟು ತಳದಲ್ಲಿ ಗಸಿಯಾಗಿ ಮಲಗಿತು. ಅದನ್ನು ನಾನೇ ಕಲಕಿ, ಬಾಟಲಿಗೆ ತುಂಬಿ, ಮೇಲೆ ಸಕ್ಕರೆ ಹಾಕಿ, 22 ಡಿಗ್ರಿಯ ಕೋಣೆಯಲ್ಲಿಟ್ಟು ಎಬ್ಬಿಸಿದೆ. ಎಬ್ಬಿಸಬೇಕಾದದ್ದು ಬಕೆಟ್‌ನಲ್ಲಿ.

ಹೇಗೆ ಅಂದರೆ, ಬಕೆಟ್ಟನ್ನು ಮನೆಯೊಳಗೆ ತಂದು 20-22 ಡಿಗ್ರಿಗೆ ಬರಲು ಬಿಡಿ. ಮುಚ್ಚಳ ತೆಗೆಯದೆ ನಿಧಾನವಾಗಿ ಸುತ್ತಲೂ ತೂಗಾಡಿಸಿ, ತಳದ ಗಸಿ ಏಳಬೇಕು, ಆದರೆ ಬಿಯರ್ ಚಿಮ್ಮಿ ಗಾಳಿ ಬೆರೆಯಬಾರದು. ಈ ಹಂತದಲ್ಲಿ ಗಾಳಿ ಸೇರಿದರೆ ರುಚಿ ಒದ್ದೆ ರಟ್ಟಿನ ಥರ ಆಗುತ್ತದೆ. ದಿನಕ್ಕೆರಡು ಸಲ, ಮೂರು ನಾಲ್ಕು ದಿನ. ಹೆಚ್ಚಿನ ಬಿಯರ್ ಇಷ್ಟಕ್ಕೇ ಏಳುತ್ತದೆ. ಏಳದಿದ್ದರೆ ಹೊಸ ಯೀಸ್ಟು ಹಾಕಬೇಕು. ಪ್ಯಾಕೆಟ್ ಹರಿದು ಮೇಲೆ ಉದುರಿಸಿದರೆ ಪ್ರಯೋಜನ ಕಡಿಮೆ. ಆಲ್ಕೋಹಾಲ್ ಇರುವ, ಸಕ್ಕರೆ ಕಡಿಮೆಯಾದ ಜಾಗಕ್ಕೆ ಅರೆನಿದ್ದೆಯ ಯೀಸ್ಟು ಬಿದ್ದರೆ ಅದೂ ಮಲಗುತ್ತದೆ. ಸ್ವಲ್ಪ ಮಾಲ್ಟ್ ನೀರಿನಲ್ಲಿ ಎಬ್ಬಿಸಿ, ನೊರೆ ಎದ್ದು ಕುಣಿಯುತ್ತಿರುವಾಗ ಹಾಕಿ. ಡೆಕ್ಸ್ಟ್ರಿನ್ ಮುರಿಯುವ ಎನ್‌ಜೈಮ್ ಪುಡಿ ಹಾಕು ಅನ್ನುವವರೂ ಇದ್ದಾರೆ. ನಾನು ಹಾಕುವುದಿಲ್ಲ. ಅದು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿಲ್ಲದ ಪ್ರಾಣಿ, ತುಂಬುವ ದಿನ ಇನ್ನೂ ದೂರ ಹೋಗುತ್ತದೆ.

ಮೂರು ದಿನದ ನಿಯಮ ಕೈಕೊಡುವ ಕಡೆ

ಎರಡು ಮೂರು ದಿನದ ಅಂತರದಲ್ಲಿ ಅಳೆದಾಗ ಒಂದೇ ಅಂಕಿ ಬಂದರೆ ತುಂಬಬಹುದು ಅನ್ನುವುದು ಎಲ್ಲರೂ ಹೇಳುವ ನಿಯಮ. ಸರಿಯೇ. ಆದರೆ ಬಕೆಟ್ ಬೆಚ್ಚಗಿದ್ದಾಗ ಮಾತ್ರ ಸರಿ, ಅಂಕಿ ನೀವು ನಿರೀಕ್ಷಿಸಿದ ಕಡೆಗೆ ಬಂದಿದ್ದಾಗ ಮಾತ್ರ ಸರಿ. ಅದೆರಡೂ ಇದ್ದು ಕೈಕೊಡುವ ಜಾಗ ಎರಡು.

ಒಂದು, ಸೇಸಾನ್ ಅನ್ನುವ ಬೆಲ್ಜಿಯನ್ ಬಗೆಯ ಬಿಯರ್. ಬೆಲ್ ಸೇಸಾನ್‌ನಂಥ ಕೆಲವು ಯೀಸ್ಟುಗಳು ಡಯಾಸ್ಟಾಟಿಕಸ್ ಅನ್ನುವ ಬಗೆಗೆ ಸೇರಿದವು, ತಾವೇ ಎನ್‌ಜೈಮ್ ಬಿಟ್ಟು ಡೆಕ್ಸ್ಟ್ರಿನ್ನನ್ನು ಮುರಿದುಕೊಂಡು ನಿಧಾನಕ್ಕೆ ತಿನ್ನುತ್ತಾ ಹೋಗುತ್ತವೆ. 1.010ರಲ್ಲಿ ನಿಂತ ಹಾಗೆ ಕಂಡು ತಿಂಗಳಾಗುವಷ್ಟರಲ್ಲಿ 1.003. ಇಂಥದ್ದಕ್ಕೆ ವಾರ ಬಿಟ್ಟು ವಾರ ಅಳೆಯಿರಿ, ದಪ್ಪ ಗಾಜಿನ ಬಾಟಲಿಗೆ ತುಂಬಿ.

ಎರಡನೆಯದು ಹಾಪ್ಸ್. ಹುದುಗು ಮುಗಿದ ಮೇಲೆ ಪರಿಮಳಕ್ಕೆ ಅಂತ ಒಣ ಹಾಪ್ಸ್ ಸುರಿಯುತ್ತೇವಲ್ಲ, ಆ ಹೂವಿನಲ್ಲೂ ಡೆಕ್ಸ್ಟ್ರಿನ್ ಮುರಿಯುವ ಎನ್‌ಜೈಮ್ ಇದೆ. ಇಲ್ಲೇ ಕೊರ್ವಾಲಿಸ್‌ನ ಆರೆಗನ್ ಸ್ಟೇಟ್ ಯೂನಿವರ್ಸಿಟಿಯವರು 2018ರಲ್ಲಿ ಕ್ಯಾಸ್ಕೇಡ್ ಹಾಪ್ಸ್ ಮೇಲೆ ಕೆಲಸ ಮಾಡಿ ಇದನ್ನು ತೋರಿಸಿದರು. ಕ್ಯಾಸ್ಕೇಡ್ ತಳಿ ಬಂದದ್ದೂ ಕೊರ್ವಾಲಿಸ್‌ನಿಂದಲೇ. ಹಾಪ್ಸ್ ಹಾಕುವ ಮೊದಲು ಅಳೆದ 1.012 ಆಮೇಲೆ 1.009 ಆಗಬಹುದು. ಹಾಗಾಗಿ ಹಾಪ್ಸ್ ಹಾಕಿ ನಾಲ್ಕೈದು ದಿನ ಬಿಟ್ಟು ಮತ್ತೆ ಅಳೆಯದೆ ತುಂಬಬೇಡಿ. ಹಿಂದಿನ ಅಂಕಿ ಆಗ ಲೆಕ್ಕಕ್ಕಿಲ್ಲ.

ಮೂಗಿಗೂ ಕೆಲಸ ಕೊಡಿ

ಅಂಕಿ ಸರಿ ಬಂದರೂ ಬಿಯರ್ ಹಸಿ ಇರಬಹುದು. ಹಸಿರು ಸೇಬಿನ ವಾಸನೆ ಬಂದರೆ ಇನ್ನೂ ಕೆಲವು ದಿನ ಬೇಕು. ಬೆಣ್ಣೆ ವಾಸನೆ ಬಂದರೆ ಅದು ಹುದುಗುವಾಗ ಹುಟ್ಟುವ ಡಯಾಸಿಟೈಲ್ ಅನ್ನುವ ವಸ್ತು. ದಾವಣಗೆರೆ ಬೆಣ್ಣೆ ದೋಸೆಗೆ ಅದು ಶೋಭೆ, ಪೇಲ್ ಏಲ್‌ಗೆ ಅಲ್ಲ. ತಮಾಷೆ ಏನೆಂದರೆ ಇವತ್ತು ಬೆಣ್ಣೆ ವಾಸನೆ ಇಲ್ಲದ ಬಿಯರಿನಲ್ಲೂ ಅದರ ಮೂಲವಸ್ತು ಅಡಗಿ ಕೂತಿರುತ್ತದೆ, ಬಾಟಲಿಯಲ್ಲಿ ತಿಂಗಳಾದ ಮೇಲೆ ಹೊರಬರುತ್ತದೆ. ಅದನ್ನು ಮೊದಲೇ ಹಿಡಿಯಲು ಎರಡು ಸಣ್ಣ ಜಾರಿನಲ್ಲಿ ಬಿಯರ್ ತಗೊಂಡು, ಒಂದನ್ನು ಮುಚ್ಚಿ 60-65 ಡಿಗ್ರಿಯ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ. ಆಮೇಲೆ ತಣ್ಣಗೆ ಮಾಡಿ ಎರಡನ್ನೂ ಮೂಸಿ. ಕಾಯಿಸಿದ್ದರಲ್ಲಿ ಬೆಣ್ಣೆ ಬಂದರೆ ಬಕೆಟ್ ಇನ್ನೂ ಎರಡು ಮೂರು ದಿನ ಬೆಚ್ಚಗೆ ಯೀಸ್ಟಿನ ಮೇಲೇ ಇರಲಿ, ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ.

ಆಗಲೇ ತುಂಬಿಬಿಟ್ಟಿದ್ದರೆ

ಮುಂದಿನ ಸಲ ತುಂಬುವಾಗ ಒಂದನ್ನು ಸೋಡಾದ ಖಾಲಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ದಿನಾ ಒತ್ತಿ ನೋಡಬಹುದು. ಅಂಗಡಿಯ ಸೋಡಾ ಬಾಟಲಿಯಷ್ಟು ಗಟ್ಟಿಯಾದರೆ ಸರಿ, ಕಲ್ಲಿನ ಹಾಗಾದರೆ ಉಳಿದವೂ ಹಾಗೇ ಇವೆ ಅಂತ ಅರ್ಥ.

ಹಾಗೆ ಆಯ್ತು ಅಂದರೆ ಬರಿಗೈಯಲ್ಲಿ ಬಾಟಲಿ ಎತ್ತಬೇಡಿ. ಪೆಟ್ಟಿಗೆ ಮೇಲೆ ದಪ್ಪ ಕಂಬಳಿ ಹಾಕಿ, ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್, ಪೂರ್ತಿ ತೋಳಿನ ಅಂಗಿ. ಇದ್ದಲ್ಲೇ ತಣ್ಣಗೆ ಮಾಡಲು ಆದರೆ ಮೊದಲು ಅದನ್ನು ಮಾಡಿ. ಚಳಿಗಾಲ ಆಗಿದ್ದರೆ ಕಿಟಕಿ ತೆಗೆದು ಕೋಣೆಯನ್ನೇ ತಣಿಸಿ. ತಣ್ಣಗಾದಷ್ಟೂ ಗ್ಯಾಸು ಬಿಯರಿನಲ್ಲೇ ಕರಗಿ ಒತ್ತಡ ಇಳಿಯುತ್ತದೆ, ಯೀಸ್ಟೂ ಸುಮ್ಮನಾಗುತ್ತದೆ. ಆಮೇಲೆ ಒಂದೊಂದಾಗಿ ಸಿಂಕಿನಲ್ಲಿ ಟವೆಲ್ ಸುತ್ತಿ ಮುಚ್ಚಳದ ಅಂಚನ್ನು ಚೂರೇ ಎತ್ತಿ, ಉಸ್ ಅಂತ ಬಿಡಲಿ. ಎರಡು ಮೂರು ಪಾಯಿಂಟು ಹೆಚ್ಚಾಗಿದ್ದರೆ ಹೀಗೆ ಗ್ಯಾಸು ಬಿಟ್ಟು ಹೊಸ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟು ಬೇಗ ಕುಡಿದು ಮುಗಿಸಬಹುದು. ಏಳು ಪಾಯಿಂಟಿನವನು ಆ ಆಸೆ ಬಿಡಬೇಕು.

ನಾನು ಆ ದಿನ ಕೋಣೆಯ ಕಿಟಕಿಗಳನ್ನು ಸಂಜೆವರೆಗೂ ತೆಗೆದಿಟ್ಟೆ. ಅಮ್ಮನ ಹಾಸಿಗೆ ಹಾಲಿಗೆ ಬಂತು. ಸಂಜೆ ನಲವತ್ತೆರಡು ಬಾಟಲಿ ಒಂದೊಂದಾಗಿ ತೆಗೆದೆ. ಪ್ರತಿಯೊಂದೂ ಸಿಂಕಿನಿಂದ ಕಿಟಕಿವರೆಗೆ ಹಾರಿತು, ಒಂದು ಲೋಟದಷ್ಟು ಕೂಡ ಉಳಿಯಲಿಲ್ಲ. ಅಮ್ಮ ಅಡುಗೆಮನೆ ಬಾಗಿಲ ಆಚೆ ನಿಂತು ಎಣಿಸುತ್ತಿದ್ದರು, ಮೂವತ್ತೊಂಬತ್ತಾದ ಮೇಲೆ ‘ಇನ್ನು ಮೂರು, ಮುಖ ಆ ಕಡೆ ತಿರುಗಿಸ್ಕೋ’ ಅಂದರು.